ವಠಾರವಾದ ಅರಮನೆಯನ್ನು ಮೂಲ ರೂಪಕ್ಕೆ ಏಕೆ ತರಲಿಲ್ಲ?

ಓದುಗರ ಪ್ರಶ್ನೆ: ಐರ್ಲೆಂಡ್‌ನ ರಾಜಧಾನಿ ಡಬ್ಲಿನ್ ನಗರದ 14 ಹೆನ್ರಿಯೆಟ್ಟಾ ಸ್ಟ್ರೀಟ್ ಜಾರ್ಜಿಯನ್ ಕಾಲದ, ಅಂದರೆ ಜಾರ್ಜ್ ಹೆಸರಿನ ಬ್ರಿಟಿಷ್ ದೊರೆಗಳ ಕಾಲದ, ಸಿರಿವಂತರ ಮನೆ. ಅದನ್ನು ವಸ್ತುಸಂಗ್ರಹಾಲಯವಾಗಿಸುವಾಗ ಹಳೆಯ ವೈಭವವನ್ನು ಮರಳಿಸದೆ, ಬಣ್ಣ ಕಿತ್ತ ಗೋಡೆಗಳನ್ನು ಹಾಗೆಯೇ ಉಳಿಸಿದ್ದೇಕೆ?

ಉತ್ತರ: ಮೂಲ ರೂಪ ಎಂದರೆ ಯಾವುದು ಎಂಬಲ್ಲೇ ತೊಡಕಿದೆ. 1740ರ ದಶಕದ ಕೊನೆಯಲ್ಲಿ ಲ್ಯೂಕ್ ಗಾರ್ಡಿನರ್ ಕಟ್ಟಿಸಿದ ಈ ಮನೆಯಲ್ಲಿ ಮೊದಲು ವಾಸವಿದ್ದವರು ಲಾರ್ಡ್ ಮೋಲ್ಸ್‌ವರ್ತ್ ದಂಪತಿಗಳು. ಅತಿಥಿಗಳ ಕಣ್ಣು ಕೋರೈಸುವಂತೆ ದೊಡ್ಡ ಮೆಟ್ಟಿಲನ್ನೂ, ಆಳುಕಾಳುಗಳ ಓಡಾಟಕ್ಕೆ ಬೇರೆಯೇ ಒಂದು ಹಿಂಬದಿಯ ಮೆಟ್ಟಿಲನ್ನೂ ಇಟ್ಟಿದ್ದರು. ಐರ್ಲೆಂಡನ್ನು ಬ್ರಿಟನ್ನಿನೊಂದಿಗೆ ಒಂದುಗೂಡಿಸಿದ 1800ರ ಒಕ್ಕೂಟ ಕಾಯ್ದೆಯಿಂದ ಡಬ್ಲಿನ್ ತನ್ನ ಸಂಸತ್ತನ್ನು ಕಳೆದುಕೊಂಡಾಗ ಗಣ್ಯರು ಊರು ಬಿಟ್ಟರು. ವಕೀಲರು ಬಂದರು, ಆಮೇಲೆ ಸೈನಿಕರು.

ಕಟ್ಟಡದ ಹೊಟ್ಟೆಯನ್ನೇ ಬದಲಿಸಿದ್ದು 1877. ಆ ವರ್ಷ ಥಾಮಸ್ ವ್ಯಾನ್ಸ್ ಎಂಬವರು ಮನೆಯನ್ನು ಕೊಂಡು, ದೊಡ್ಡ ಮೆಟ್ಟಿಲನ್ನು ಕಿತ್ತುಹಾಕಿ, ಅದರ ಜಾಗವನ್ನೂ ಕೋಣೆಗಳಿಗೆ ಬಳಸಿಕೊಂಡು, ವಿಶಾಲವಾದ ಹಜಾರಗಳಿಗೆ ಅಡ್ಡಗೋಡೆ ಹಾಕಿ 19 ಬಾಡಿಗೆ ಬಿಡಾರಗಳನ್ನು ಮಾಡಿದರು. ಆಳುಗಳ ಮೆಟ್ಟಿಲೇ ಇಡೀ ವಠಾರದ ದಾರಿಯಾಯಿತು. 1911ರ ಜನಗಣತಿಯ ಹೊತ್ತಿಗೆ, ಒಂದು ಕುಟುಂಬಕ್ಕೆಂದು ಕಟ್ಟಿದ ಇದೇ ಮನೆಯಲ್ಲಿ 17 ಕುಟುಂಬಗಳ 100 ಜನರಿದ್ದರು. ಕೊನೆಯ ಬಾಡಿಗೆದಾರರು ತೆರಳಿದ್ದು 1970ರ ದಶಕದ ಕೊನೆಯಲ್ಲಿ.

ಗೋಡೆಗಳ ವಿಷಯಕ್ಕೆ ಬಂದರೆ, ಹಜಾರದಲ್ಲಿ ಕಾಣುವ ಗಾಢ ಕೆಂಪನ್ನು ಅಲ್ಲಿನವರು ರ‍್ಯಾಡಲ್ ಎನ್ನುತ್ತಾರೆ. ನಮ್ಮ ಕೆಮ್ಮಣ್ಣೇ ಎನ್ನಬಹುದು. ಅದರ ಜೊತೆಗಿರುವುದು ಬಟ್ಟೆ ಬೆಳ್ಳಗಾಗಲು ಬಳಸುತ್ತಿದ್ದ ರೆಕಿಟ್ಸ್ ಕಂಪನಿಯ ನೀಲಿ. ನಮ್ಮ ಮನೆಗಳ ಬಚ್ಚಲಿನಲ್ಲಿದ್ದ ರಾಬಿನ್ ನೀಲಿಯೂ ಅದೇ ಕಂಪನಿಯದ್ದು. ಈ ಬಣ್ಣಗಳನ್ನು ಕೆರೆದು ತೆಗೆದರೆ ನೂರು ವರ್ಷಗಳ ಬಡವರ ಬದುಕಿನ ಗುರುತು ಅಳಿಸಿಹೋಗುತ್ತದೆ. ಅದಕ್ಕೆ ಬೇರೆ ದಾಖಲೆ ಇರುವುದೇ ಅಪರೂಪ. ಲಾರ್ಡ್‌ಗಳ ಮನೆಯ ಗಾರೆ ಕೆಲಸಕ್ಕಾದರೋ ಡಬ್ಲಿನ್‌ನಲ್ಲಿ ಬೇರೆ ಮಾದರಿಗಳಿವೆ.

ಹಾಗಾಗಿ ನಗರ ಪಾಲಿಕೆಯು ಸುಮಾರು ಹತ್ತು ವರ್ಷ ದುರಸ್ತಿ ಮಾಡಿಸಿ, 2018ರಲ್ಲಿ ಮನೆಯನ್ನು ಎಲ್ಲ ಕಾಲಗಳ ಗುರುತುಗಳೊಂದಿಗೇ ತೆರೆಯಿತು. ಈ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ದೊಡ್ಡ ಮೆಟ್ಟಿಲು ಮರಳಿ ಬರಬೇಕೆಂದರೆ, ಅದರ ಜಾಗದಲ್ಲಿ ಎದ್ದ ಕೋಣೆಗಳು ಹೋಗಬೇಕು. ಹೊಸದಾಗಿ ಕಟ್ಟುವ ಆ ಮೆಟ್ಟಿಲೂ ಮೋಲ್ಸ್‌ವರ್ತ್ ಹತ್ತಿದ ಮೆಟ್ಟಿಲಾಗಿರುವುದಿಲ್ಲ.