ಇ.ಎಫ್. 35 ಬಂದರೆ ಹಾರ್ಟಿನ 65 ಭಾಗ ಹೋಯ್ತಾ?

"ಅಪ್ಪಯ್ಯನ ಎಕೋ ರಿಪೋರ್ಟಿನಲ್ಲಿ ಇ.ಎಫ್. 35 ಪರ್ಸೆಂಟ್ ಅಂತ ಬಂದಿದೆ. ಅಂದ್ರೆ ಹಾರ್ಟ್ ಇನ್ನು 35 ಭಾಗ ಅಷ್ಟೇ ಉಳಿದಿದ್ಯಾ?"

ಕುಮಟಾದ ನಮ್ಮ ಔಷಧಿ ಅಂಗಡಿಯಲ್ಲಿ ಈ ಪ್ರಶ್ನೆ ಬಾರದ ವಾರವಿಲ್ಲ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ಬಂದವರು ಚೀಟಿ ಕೊಡುವ ಮೊದಲೇ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನಿಂಗ್, ಅದರ ರಿಪೋರ್ಟ್ ಬಿಚ್ಚಿ ಆ ಅಂಕಿಯ ಮೇಲೆ ಬೆರಳಿಡುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಇವತ್ತು ಬರೆದೇ ಬಿಡುತ್ತೇನೆ. ಇಲ್ಲ, ಹಾಗಲ್ಲ.

ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ಹಾರ್ಟಿನ ಎಡಗಡೆ ಕೆಳಗಿನ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ, ಅದೇ ಇ.ಎಫ್., ಅಂದ್ರೆ ಇಜೆಕ್ಷನ್ ಫ್ರಾಕ್ಷನ್. ಯಾರ ಹಾರ್ಟೂ ಪೂರ್ತಿ ಖಾಲಿ ಆಗುವುದಿಲ್ಲ. ದಿನವಿಡೀ ಅಡಿಕೆ ಮರ ಹತ್ತಿಳಿಯುವ ಗಟ್ಟಿ ಕೊನೆಗೌಡನಿಗೂ ಅದು ಸುಮಾರು 55ರಿಂದ 70ರ ಒಳಗೇ. ನೂರು ಅನ್ನುವ ಲೆಕ್ಕವೇ ಇಲ್ಲದಿದ್ದಾಗ ನೂರರಿಂದ 35 ಕಳೆದು ಹೆದರುವುದು ಯಾಕೆ?

ಇನ್ನೂ ಒಂದು ವಿಷಯ ಇದೆ, ಇದನ್ನು ಹೇಳುವಾಗ ನಾನು ಯಾವಾಗಲೂ ಪೆನ್ನು ತೆಗೆಯುತ್ತೇನೆ. ಆರೋಗ್ಯವಂತರ ಆ ಕೋಣೆಯಲ್ಲಿ 120 ಮಿಲಿ ರಕ್ತ ತುಂಬಿ 70 ಮಿಲಿ ಹೊರಗೆ ಹೋಯ್ತು ಅಂದುಕೊಳ್ಳಿ, ಇ.ಎಫ್. 58. ಸುಸ್ತಾದ ಹಾರ್ಟ್ ಹಿಗ್ಗುತ್ತದೆ. ಅದರಲ್ಲಿ 200 ಮಿಲಿ ತುಂಬಿ ಅದೇ 70 ಮಿಲಿ ಹೊರಗೆ ಹೋದರೆ ಇ.ಎಫ್. 35. ಹೊರಗೆ ಹೋದ ರಕ್ತ ಎರಡರಲ್ಲೂ ಅಷ್ಟೇ, ಅಲ್ವಾ? ಕಾಯಿಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಿಗ್ಗಿದ ಹಾರ್ಟ್ ಕಷ್ಟಪಡುತ್ತಿದೆ, ಅದಕ್ಕೆ ಔಷಧಿ ಬೇಕೇ ಬೇಕು. ಆದರೆ 65 ಭಾಗ ಸತ್ತುಹೋಗಿಲ್ಲ.

ಈ ತಪ್ಪು ಲೆಕ್ಕ ನಂಬಿ ಅಂಕೋಲಾ ಕಡೆಯ ಒಬ್ಬರನ್ನು ಮನೆಯವರು ಅಂಗಳಕ್ಕೂ ಇಳಿಯಲು ಬಿಡುತ್ತಿರಲಿಲ್ಲ. ದಿನಾ ಸ್ವಲ್ಪ ನಡೆಯಿರಿ ಅಂತ ಡಾಕ್ಟರೇ ಹೇಳಿದ್ದರು! ನನಗೆ ನಿಜಕ್ಕೂ ಸಿಟ್ಟು ಬಂತು. ಇ.ಎಫ್. ಚೆನ್ನಾಗಿದ್ದರೆ ಹಾರ್ಟಿಗೆ ಏನೂ ಆಗಿಲ್ಲ ಅನ್ನುವ ಉಲ್ಟಾ ನಂಬಿಕೆಯೂ ತಪ್ಪೇ. ಹಾರ್ಟ್ ಫೇಲ್ಯೂರ್, ಅಂದ್ರೆ ದೇಹಕ್ಕೆ ಬೇಕಾದಷ್ಟು ರಕ್ತ ಒದಗಿಸಲು ಹಾರ್ಟ್ ಕಷ್ಟಪಡುವ ಕಾಯಿಲೆ, ಇರುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಇ.ಎಫ್. 50ರ ಮೇಲೇ ಇರುತ್ತದೆ. ಅವರ ಹಾರ್ಟ್ ಹಿಂಡುವುದು ಸರಿಯಾಗಿಯೇ, ಬಿಗಿಯಾಗಿರುವುದರಿಂದ ತುಂಬಿಕೊಳ್ಳುವುದು ಕಷ್ಟ. ಹಾಗಾಗಿ ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಅಂಕಿ ಎಷ್ಟೇ ಇರಲಿ, ಡಾಕ್ಟರಿಗೆ ಹೇಳಿ.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಸುಮ್ನೆ ಅಂಗಡಿಗೆ ಬರುವುದನ್ನು ನಿಲ್ಲಿಸುತ್ತಾರೆ. ಔಷಧಿಯಿಂದ ಎಷ್ಟೋ ಜನರ ಇ.ಎಫ್. 35ರಿಂದ 50ಕ್ಕೂ ಏರುತ್ತದೆ. ಆಗ ಗುಳಿಗೆ ಬಿಡಬಹುದಾ? ಲಂಡನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು, ಫಲಿತಾಂಶ 2018ರಲ್ಲಿ ಹೊರಬಂತು. ಹಿಗ್ಗಿದ್ದ ಹಾರ್ಟ್ ಸುಧಾರಿಸಿ, ಏನೂ ತೊಂದರೆ ಇಲ್ಲದೆ ಓಡಾಡುತ್ತಿದ್ದ 51 ಜನ. ಅವರಲ್ಲಿ 25 ಜನರ ಗುಳಿಗೆಯನ್ನು ಡಾಕ್ಟರರ ಕಣ್ಣೆದುರೇ ನಿಧಾನವಾಗಿ ನಿಲ್ಲಿಸುತ್ತಾ ಬಂದರು. ಆರು ತಿಂಗಳೊಳಗೆ 11 ಜನರಿಗೆ ಕಾಯಿಲೆ ಮರಳಿ ಬಂತು. ಗುಳಿಗೆ ಮುಂದುವರಿಸಿದ ಉಳಿದ 26 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಅದಕ್ಕೇ ತಿಂಗಳ ಗುಳಿಗೆಗೆ ಬಾರದವರಿಗೆ ನಾನೇ ಫೋನ್ ಮಾಡುತ್ತೇನೆ.