ಎತ್ತರದ ಬೋರ್ಡು ಕುತ್ತಿಗೆಯನ್ನು ಅಳೆಯುವುದಿಲ್ಲ

ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಏಳು ವರ್ಷದ ಹುಡುಗಿ, ಡೌನ್ ಸಿಂಡ್ರೋಮ್ ಇದೆ. ಹುಟ್ಟಿದಾಗಿನಿಂದ ಮೈ ಸ್ವಲ್ಪ ಸಡಿಲ. ದೊಡ್ಡ ಆಟಗಳೆಲ್ಲ ಬೇಡ ಅಂತ ಸುತ್ತುವ ಕುದುರೆ ಮೇಲೆ ಕೂರಿಸಿದೆವು. ಅದಕ್ಕಿಂತ ಸಾಧು ಆಟ ಇನ್ಯಾವುದಿದೆ, ಅಲ್ವಾ? ಮೊದಲ ಸುತ್ತಿನಲ್ಲಿ ಕೈ ಬೀಸಿದಳು. ಎರಡನೆಯದಕ್ಕೆ ಬೆನ್ನು ಬಾಗಿತ್ತು. ಮೂರನೆಯ ಸುತ್ತಿಗೆ ಎರಡೂ ಕೈಯಲ್ಲಿ ಕಂಬ ತಬ್ಬಿ, ಹಣೆಯನ್ನು ಅದಕ್ಕೇ ಆನಿಸಿಕೊಂಡಿದ್ದಳು. ಇಳಿಸಿಕೊಳ್ಳುವಾಗ ಬೆವರಿ ಹೋಗಿದ್ದಳು.

ಆಮೇಲೆ ಪುಟಾಣಿ ರೈಲು ಹತ್ತಿಸಿದೆವು. ಅದು ಕುದುರೆಗಿಂತ ಜೋರು, ತಿರುವಿನಲ್ಲಿ ಜಗ್ಗುತ್ತದೆ ಕೂಡ. ಇವಳು ಮಾತ್ರ ನೆಟ್ಟಗೆ ಕೂತು ಎರಡೂ ಕೈ ಎತ್ತಿ "ಮಾಮಾ" ಅಂತ ಕೂಗುತ್ತಿದ್ದಳು.

ಇದೇನಿದು ಉಲ್ಟಾ ಅನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಕುದುರೆ ಆಟದ ನಡುಮಧ್ಯದಿಂದ ನಾಲ್ಕು ಮೀಟರ್ ದೂರದಲ್ಲಿದ್ದು, ಒಂದು ಸುತ್ತಿಗೆ 15 ಸೆಕೆಂಡ್ ಹಿಡಿದರೆ, ಹೊರಕ್ಕೆ ಎಳೆಯುವ ಬಲ ಮೈತೂಕದ ನೂರಕ್ಕೆ ಏಳು ಪಾಲು ಅಷ್ಟೇ. ಏನೇನೂ ಅಲ್ಲ. ಅಂದರೆ ಅವಳನ್ನು ಸುಸ್ತು ಮಾಡಿದ್ದು ವೇಗ ಅಲ್ಲ, ಕುದುರೆಯ ಬೆನ್ನು. ಒರಗಲು ಏನೂ ಇಲ್ಲ, ಕಾಲು ಅಗಲವಾಗಿ ಚಾಚಿದೆ, ಕೆಳಗಿನ ಸೀಟು ಮೇಲೆ ಕೆಳಗೆ ಆಡುತ್ತಿದೆ. ರೈಲಿನಲ್ಲಿ ಹಿಂದೆ ಎತ್ತರದ ಒರಗು, ಎರಡೂ ಕಡೆ ತಡೆ, ಕಾಲಿಗೆ ನೆಲ.

ಇಲ್ಲಿ ಸ್ನಾಯುವಿನ ಬಿಗಿ ಅಂದರೇನು ಅಂತ ಹೇಳಬೇಕು. ನಾವು ಸುಮ್ನೆ ಕೂತಿದ್ದಾಗಲೂ ಸ್ನಾಯುಗಳಲ್ಲಿ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಅದನ್ನೇ ವೈದ್ಯರು ಟೋನ್ ಅನ್ನುತ್ತಾರೆ. ಇದು ಶಕ್ತಿಯಲ್ಲ. ಬಟ್ಟೆ ಒಣಹಾಕುವ ಹಗ್ಗ ನೋಡಿ. ಹಗ್ಗ ಎಷ್ಟೇ ಗಟ್ಟಿಯಿರಲಿ, ಸಡಿಲವಾಗಿ ಕಟ್ಟಿದ್ದರೆ ಬಟ್ಟೆ ಹಾಕಿದ ಕೂಡಲೇ ಮೊದಲು ಜೋತು ಬೀಳುತ್ತದೆ, ಆಮೇಲೆ ತಡೆಯುತ್ತದೆ. ಟೋನ್ ಕಡಿಮೆ ಇರುವ ಮಗುವಿನ ಬೆನ್ನೂ ಹಾಗೇ. ತಿರುವು ಬಂದಾಗ ಮೊದಲು ವಾಲುತ್ತದೆ, ಆಮೇಲೆ ಸಾವರಿಸಿಕೊಳ್ಳುತ್ತದೆ. ಬೇರೆ ಮಕ್ಕಳಿಗೆ ಪುಕ್ಕಟೆಯಾಗಿ ಸಿಗುವ ಕೂರುವ ಭಂಗಿಗೆ ಈ ಮಗು ಪ್ರತಿ ಕ್ಷಣ ದುಡಿಯಬೇಕು. ಹಾಗಾಗಿ ದೊಡ್ಡ ಪಾರ್ಕಿಗೆ ಹೋದರೆ ಮುಖ್ಯವಾದ ಆಟಗಳನ್ನು ಬೆಳಿಗ್ಗೆಯೇ ಮುಗಿಸಿ. ಹತ್ತು ಗಂಟೆಗೆ ಚೆನ್ನಾಗಿ ಕೂತ ಮಗು ಮೂರು ಗಂಟೆಗೆ ಅದೇ ಸೀಟಿನಲ್ಲಿ ಜಾರುತ್ತದೆ.

ಹಾಗಂತ ವೇಗ ಲೆಕ್ಕಕ್ಕೇ ಇಲ್ಲ ಅಂತಲ್ಲ. ಅದೇ ನಾಲ್ಕು ಮೀಟರ್ ದೂರದಲ್ಲಿ ಒಂದು ಸುತ್ತು ಮೂರೇ ಸೆಕೆಂಡಿನಲ್ಲಿ ಮುಗಿದರೆ? ವೇಗ ಐದು ಪಟ್ಟು, ಬಲ 25 ಪಟ್ಟು. ಮೈತೂಕದ ಸುಮಾರು 1.8ರಷ್ಟು. ಮಗುವಿನ ತಲೆ ಮೂರೂವರೆ ಕಿಲೋ ಅಂತ ಇಟ್ಟುಕೊಳ್ಳಿ, ಆರು ಕಿಲೋಗೂ ಮೀರಿದ ಭಾರ ಕುತ್ತಿಗೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಕೆಳಮುಖವಾಗಿ ಬರುವ ಭಾರವನ್ನು ಸೀಟೂ ಬೆನ್ನುಮೂಳೆಯೂ ಹಂಚಿಕೊಳ್ಳುತ್ತವೆ. ಪಕ್ಕದ ಎಳೆತಕ್ಕೆ ತಲೆಯ ಪಕ್ಕ ಒರಗು ಇಲ್ಲದಿದ್ದರೆ ಕುತ್ತಿಗೆಯೊಂದೇ ಗತಿ.

ಇನ್ನು ಡ್ಯಾಶಿಂಗ್ ಕಾರು. ವೇಗ ಏನೂ ಇಲ್ಲ, ಆದರೆ ನನ್ನ ಪಟ್ಟಿಯಲ್ಲಿ ಅದು ಮೊದಲೇ ಹೊಡೆದುಹೋಗಿದೆ. ಗುದ್ದು ಬರುವುದು ಕಾಣಿಸಿದರೆ ನಮ್ಮ ಕುತ್ತಿಗೆ ಅದಕ್ಕೆ ಮುಂಚೆಯೇ ಬಿಗಿಯಾಗುತ್ತದೆ. ಹಿಂದಿನಿಂದ ಬಂದ ಗುದ್ದಿಗೆ ಆ ಪುರಸೊತ್ತು ಇಲ್ಲ. ಕತ್ತಲೆಯಲ್ಲಿ ಓಡುವ ರೈಡುಗಳ ತಕರಾರೂ ಇದೇ: ತಿರುವು ಕಾಣುವುದಿಲ್ಲ.

ಡೌನ್ ಸಿಂಡ್ರೋಮ್ ಇದ್ದರೆ ಇನ್ನೊಂದು ವಿಷಯ. ಕುತ್ತಿಗೆಯ ಎಲ್ಲಕ್ಕಿಂತ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಕೆಲವು ಮಕ್ಕಳಲ್ಲಿ ಸಡಿಲ ಇರುತ್ತದೆ. ಒಳಗೆ ಹೋಗುವುದು ಬೆನ್ನುಹುರಿ. ತೊಂದರೆಯ ಲಕ್ಷಣವಿಲ್ಲದ ಮಗುವಿಗೆ ತೆಗೆದ ಎಕ್ಸ್‌ರೇ ಅಪಾಯವನ್ನು ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ವೈದ್ಯರು ಲಕ್ಷಣ ನೋಡಿ ಅನ್ನುತ್ತಾರೆ: ಕುತ್ತಿಗೆ ನೋವು, ತಲೆ ಒಂದೇ ಕಡೆ ವಾಲಿಸುವುದು, ನಡಿಗೆ ಬದಲಾಗುವುದು, ಬಂದಿದ್ದ ಮೂತ್ರದ ಹತೋಟಿ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಪಾರ್ಕು ಆಮೇಲೆ, ಡಾಕ್ಟರ್ ಮೊದಲು. ಲಕ್ಷಣ ಇಲ್ಲದಿದ್ದರೂ ತಲೆ ಜಗ್ಗಾಡುವ ರೈಡಿಗೆ ಮುಂಚೆ ಅವರನ್ನು ಕೇಳಿಬಿಡಿ.

ಬಿಗಿ ಜಾಸ್ತಿ ಇರುವ ಮಕ್ಕಳ ಕಥೆ ಬೇರೆ. ಎಳೆಯ ಮಿದುಳಿಗಾದ ಹಾನಿಯಿಂದ ಮೈಯ ಚಲನೆ ಕಷ್ಟವಾಗುವ ಸೆರೆಬ್ರಲ್ ಪಾಲ್ಸಿಯಲ್ಲಿ ಇದು ಸಾಮಾನ್ಯ. ಅಲ್ಲಿ ಸ್ನಾಯುವನ್ನು ಎಷ್ಟು ಬೇಗ ಎಳೆಯುತ್ತೀರೋ ಅದು ಅಷ್ಟು ಸೆಟೆದುಕೊಳ್ಳುತ್ತದೆ. ದಿಢೀರ್ ಸದ್ದು, ದಿಢೀರ್ ಬೀಳುವಿಕೆ ಬಂತೆಂದರೆ ಮಗು ಬೆಚ್ಚಿ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಸೀಟಿನಿಂದ ಸೊಂಟ ಏಳುತ್ತದೆ. ತಣ್ಣೀರೂ ಬಿಗಿ ಹೆಚ್ಚಿಸುತ್ತದೆ, ಹಾಗಾಗಿ ನೀರಿನ ಆಟ ಬಿಸಿಲೇರಿದ ಮೇಲೆ, ಸ್ವಲ್ಪ ಹೊತ್ತು ಸಾಕು. ನಿಧಾನವಾದ, ಒಂದೇ ಲಯದ ತೂಗಾಟಕ್ಕೆ ಇಂಥ ಮೈ ಸಡಿಲಬಹುದು. ತೊಟ್ಟಿಲು ತೂಗುವ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾರ್ಕಿನ ಬಾಗಿಲಲ್ಲಿ ಮಕ್ಕಳ ಎತ್ತರ ನೋಡಲು ನಿಲ್ಲಿಸಿರುವ ಬೋರ್ಡು ಇದಾವುದನ್ನೂ ಅಳೆಯುವುದಿಲ್ಲ. ಮಗು ಬೋರ್ಡಿನ ಗೆರೆ ಮುಟ್ಟಿತು ಅಂದರೆ ಸೀಟಿನ ತಡೆಕಂಬಿ ಅದರ ಮೈಗೆ ಕೂರುತ್ತದೆ ಅಂತ ಅಂದಾಜು, ಅಷ್ಟೇ. ಆ ಅಂದಾಜು ತನ್ನಷ್ಟಕ್ಕೆ ನೆಟ್ಟಗೆ ಕೂರುವ ಮಗುವಿನದು. ತೊಡೆಯ ಮೇಲೆ ಬರುವ ಒಂದೇ ಕಂಬಿಯನ್ನು ಇಬ್ಬರಿಗೆ ಹಾಕುತ್ತಾರಲ್ಲ, ಅದನ್ನು ಗಮನಿಸಿ. ಅದು ನಿಲ್ಲುವುದು ದಪ್ಪಗಿರುವವರ ತೊಡೆಗೆ. ಪಕ್ಕದಲ್ಲಿ ಅಪ್ಪ ಕೂತರೆ ಮಗುವಿನ ಮುಂದೆ ಒಂದು ಗೇಣು ಜಾಗ ಖಾಲಿ. "ನಾನು ಹಿಡ್ಕೋತೀನಿ ಬಿಡಿ" ಅನ್ನುವ ಅಪ್ಪಂದಿರಿಗೆ: 20 ಕಿಲೋ ಮಗು ಎರಡು ಪಟ್ಟು ಬಲದಲ್ಲಿ 40 ಕಿಲೋ ಆಗುತ್ತದೆ. ಒಂದು ಕೈಯಲ್ಲಿ ಹಿಡಿದು ನೋಡಿ.

ಹತ್ತುವ ಮುಂಚೆ ಪಕ್ಕ ನಿಂತು ಒಂದು ಪೂರ್ತಿ ಆಟ ನೋಡುವುದು ನಮ್ಮನೆಯ ರೂಢಿಯಾಗಿದೆ. ಕೂತವರ ತಲೆ ಯಾವ ಕಡೆ ಹೋಗುತ್ತಿದೆ, ಬ್ರೇಕು ಹೇಗೆ ಬೀಳುತ್ತದೆ, ಮಧ್ಯದಲ್ಲಿ ನಿಂತರೆ ಇಳಿಯಲು ಎಷ್ಟು ಮೆಟ್ಟಿಲು. ಅವಳ ಬೆನ್ನಿನ ಹದ ಗೊತ್ತಾಗಬೇಕಾದರೆ ಆಟೋ ಸಾಕು, ಹಂಪ್ ಹಾರಿದಾಗ ತಲೆ ಎಷ್ಟು ಬೇಗ ವಾಪಸ್ ನೆಟ್ಟಗಾಗುತ್ತದೆ ನೋಡುತ್ತೇವೆ. ಫಿಸಿಯೋ ಮೇಡಂ ಕುದುರೆ ಕಥೆ ಕೇಳಿ ಹೇಳಿದ್ದು ಇಷ್ಟೇ: "ಕೈ ನೋಡಿ ಸಾರ್. ಕೈ ಬಿಡುವಾಗಿದ್ರೆ ಸೀಟು ಅವಳನ್ನ ಹಿಡ್ಕೊಂಡಿದೆ ಅಂತ ಅರ್ಥ."

ಕುದುರೆಯದ್ದೂ ತಪ್ಪಲ್ಲ, ಬೇರೆ ಥರ ಮಾಡಬಹುದು. ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ 2010ರಲ್ಲಿ ಮೋರ್ಗನ್ಸ್ ವಂಡರ್‌ಲ್ಯಾಂಡ್ ಅನ್ನುವ ಪಾರ್ಕು ತೆರೆಯಿತು. ಗಾರ್ಡನ್ ಹಾರ್ಟ್‌ಮನ್ ಎಂಬುವರು ವಿಶೇಷ ಅಗತ್ಯಗಳಿರುವ ತಮ್ಮ ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ್ದು. ಅಲ್ಲಿ ಸುತ್ತುವ ಪ್ರಾಣಿಗಳ ಪಕ್ಕದಲ್ಲೇ ರಥಗಳಿವೆ, ಗಾಲಿಕುರ್ಚಿ ಸಮೇತ ಹತ್ತಬಹುದು, ಆ ರಥವೂ ಮೇಲೆ ಕೆಳಗೆ ಆಡುತ್ತದೆ. 2017ರಲ್ಲಿ ನೀರಿನ ಪಾರ್ಕೂ ಬಂತು. ಅಲ್ಲಿ ಬ್ಯಾಟರಿ ಬದಲು ಒತ್ತಿ ತುಂಬಿದ ಗಾಳಿಯಿಂದ ಓಡುವ ಗಾಲಿಕುರ್ಚಿಗಳಿವೆ, ನೀರಿಗಿಳಿದರೂ ಕೆಡುವುದಿಲ್ಲ.

ನಮ್ಮ ಹುಡುಗಿ ಆವತ್ತು ರೈಲನ್ನು ಆರು ಸಲ ಹತ್ತಿದಳು. ಆರನೆಯ ಸಲ ಟಿಕೆಟ್ ಕೊಡುವವನು ಕೇಳುವ ಮುಂಚೆಯೇ ಹರಿದು ಕೊಟ್ಟ.