ಫೋನಿನೊಳಗೆ ಸೇರಿದ ಜಿಪಿಎಸ್ ಮತ್ತೆ ಹೊರಗೆ ಬಂದದ್ದೇಕೆ?

2005ರ ಆಸುಪಾಸಿನಲ್ಲಿ ಮೊಬೈಲಿನಲ್ಲಿ ದಾರಿ ನೋಡಬೇಕು ಅಂದರೆ ಎರಡು ಸಾಮಾನು ಬೇಕಿತ್ತು. ಒಂದು ಫೋನ್. ಇನ್ನೊಂದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬ್ಲೂಟೂತ್ ಜಿಪಿಎಸ್ ರಿಸೀವರ್. ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಆಕಾಶ ಕಾಣುವ ಹಾಗೆ ಇಡಬೇಕು. ಸೆಕೆಂಡಿಗೊಮ್ಮೆ ಅದು ಅಕ್ಷಾಂಶ, ರೇಖಾಂಶ, ಸಮಯ ಎಲ್ಲವನ್ನೂ ಫೋನಿಗೆ ಕಳಿಸುತ್ತಿತ್ತು. ಅದಕ್ಕೂ ಬೇರೆ ಚಾರ್ಜರ್. ಕಿರಿಕಿರಿಯೇ. ಆದರೂ ಫೋನಿನಲ್ಲಿ ಜಾಗ ಇರಲಿಲ್ಲ, ಬ್ಯಾಟರಿ ಸಾಲುತ್ತಿರಲಿಲ್ಲ, ಬೇರೆ ದಾರಿ ಇರಲಿಲ್ಲ.

ಅದಕ್ಕೂ ಕೆಲವೇ ವರ್ಷ ಹಿಂದೆ ಇಷ್ಟೂ ಸಾಧ್ಯವಿರಲಿಲ್ಲ. ಜಿಪಿಎಸ್ ಅಮೆರಿಕದ ಸೇನೆಯದು, ಮೊದಲ ಉಪಗ್ರಹ ಹೋದದ್ದು 1978ರಲ್ಲಿ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿತು. ಆಮೇಲೆ ಅಮೆರಿಕ ಅಧ್ಯಕ್ಷ ರೇಗನ್, ಜಿಪಿಎಸ್ ಸಿದ್ಧವಾದಾಗ ಎಲ್ಲರಿಗೂ ಕೊಡುವುದಾಗಿ ಹೇಳಿದರು. ಕೊಟ್ಟರು, ಆದರೆ ಕಲಬೆರಕೆ ಮಾಡಿ. ಜನಸಾಮಾನ್ಯರ ಸಿಗ್ನಲ್‌ನಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ನೀವಿರುವ ಜಾಗ ನೂರು ಮೀಟರ್‌ನಷ್ಟು ಆಚೀಚೆ ತೋರಿಸಬಹುದಿತ್ತು. ಯಾವ ಗಲ್ಲಿಯಲ್ಲಿ ಇದ್ದೀರಿ ಅನ್ನುವುದೇ ಗೊತ್ತಾಗದಿದ್ದರೆ ಏನು ಉಪಯೋಗ, ಅಲ್ವಾ? 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಸರ್ಕಾರ ಆ ಕಲಬೆರಕೆ ನಿಲ್ಲಿಸಿತು.

ಇನ್ನು ರಿಸೀವರ್ ಫೋನಿನೊಳಗೆ ಹೋದದ್ದು. ಅದಕ್ಕೆ ದೊಡ್ಡ ಒತ್ತಡ ಬಂದದ್ದು ನಕ್ಷೆ ನೋಡುವವರಿಂದಲ್ಲ, ಅಮೆರಿಕದ 911 ತುರ್ತು ಕರೆಯಿಂದ. ಮನೆಯ ಫೋನಿಗೆ ವಿಳಾಸ ಇತ್ತು, ಮೊಬೈಲಿಗೆ ಇರಲಿಲ್ಲ. ಕರೆ ಮಾಡಿದವರು ಎಲ್ಲಿದ್ದಾರೆಂದು ಕಂಪನಿಗಳು ತಿಳಿಸಲೇಬೇಕು ಎಂದು ಅಲ್ಲಿನ ದೂರಸಂಪರ್ಕ ಆಯೋಗ 1996ರಲ್ಲಿ ನಿಯಮ ಮಾಡಿತು.

ಆದರೆ ಒಂದು ತೊಡಕಿತ್ತು. ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಸುಮಾರು 30 ಸೆಕೆಂಡ್ ಬೇಕು. ನಡುವೆ ಮರವೋ ಕಟ್ಟಡವೋ ಅಡ್ಡ ಬಂದರೆ ಮತ್ತೆ ಕಾಯಬೇಕು. ಅದೇ ಲೆಕ್ಕವನ್ನು ಮೊಬೈಲ್ ನೆಟ್‌ವರ್ಕ್‌ನಿಂದ ಇಳಿಸಿಕೊಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇದೇ ಎ-ಜಿಪಿಎಸ್, ಅಂದರೆ ನೆಟ್‌ವರ್ಕ್‌ನ ನೆರವು ಪಡೆದ (ಅಸಿಸ್ಟೆಡ್) ಜಿಪಿಎಸ್. 'ನೆಟ್ ಇಲ್ಲದಿದ್ದರೆ ಜಿಪಿಎಸ್ ನಡೆಯಲ್ಲ' ಅನ್ನುವ ತಪ್ಪು ತಿಳಿವಳಿಕೆಗೆ ಇದೂ ಒಂದು ಕಾರಣ. ನಡೆಯುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೆ. ನೆಟ್ ನಿಜವಾಗಿ ಬೇಕಿರುವುದು ನಕ್ಷೆ ಇಳಿಸಲು.

2007ರಲ್ಲಿ ನೋಕಿಯಾ ಎನ್95 ಒಳಗೇ ಜಿಪಿಎಸ್ ಇಟ್ಟುಕೊಂಡು ಬಂತು. ಅದೇ ವರ್ಷದ ಮೊದಲ ಐಫೋನಿನಲ್ಲಿ ಅದು ಇರಲಿಲ್ಲ, 2008ರ ಐಫೋನ್ 3ಜಿಯಲ್ಲಿ ಸೇರಿತು. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ನೋಡನೋಡುತ್ತಲೇ ಮಾಯವಾಯಿತು.

ಆ ಹೊರಗಿನ ರಿಸೀವರ್ ಮತ್ತೆ ಬಂದದ್ದು ಆಂಟೆನಾ ಕಾರಣಕ್ಕೆ. ಫೋನಿನಲ್ಲಿ ಚಿಪ್ ಎಷ್ಟೇ ಒಳ್ಳೆಯದಿರಲಿ, ಆಂಟೆನಾ ಮಾತ್ರ ಅಂಚಿನಲ್ಲಿ ಸಿಕ್ಕ ಜಾಗದಲ್ಲಿ ಮುದುರಿ ಕೂತಿರುತ್ತದೆ. ಗೋಡೆಗೆ ಬಡಿದು ಬಂದ ಸಿಗ್ನಲ್ಲನ್ನೂ ಅದು ನೇರವಾಗಿ ಬಂದದ್ದೆಂದು ನಂಬುತ್ತದೆ. ಬಯಲಿನಲ್ಲಿ ಐದು ಮೀಟರ್ ಆಸುಪಾಸು ಸಿಕ್ಕರೆ ಅದೇ ದೊಡ್ಡದು. 2018ರ ಶವೋಮಿ ಮಿ 8ರಿಂದ ಶುರುವಾದ, ಎಲ್1 ಮತ್ತು ಎಲ್5 ಎಂಬ ಎರಡು ತರಂಗಗಳಲ್ಲಿ ಉಪಗ್ರಹವನ್ನು ಕೇಳುವ ಫೋನುಗಳು ಇದನ್ನು ಸುಧಾರಿಸಿವೆ. ಜಿಪಿಎಸ್‌ನಂಥದ್ದೇ ಆದ ಭಾರತದ ಸ್ವಂತ ನಾವಿಕ್ ವ್ಯವಸ್ಥೆಗೂ ಇದರಿಂದ ಅನುಕೂಲವಾಯಿತು. ಅದರ ಮೊದಲ ಉಪಗ್ರಹ 2013ರಲ್ಲೇ ಹೋಗಿತ್ತು, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಕೇಂದ್ರವೂ ಇತ್ತು. ಆದರೆ ಅದು ಬಳಸುತ್ತಿದ್ದ ಎಲ್5 ತರಂಗ ಆಗಿನ ಫೋನುಗಳಿಗೆ ಕೇಳಿಸುತ್ತಲೇ ಇರಲಿಲ್ಲ. ಫೋನುಗಳಿಗೆ ಪರಿಚಿತವಾದ ಎಲ್1 ತರಂಗ ನಾವಿಕ್‌ಗೆ ಬಂದದ್ದು 2023ರ ಎನ್‌ವಿಎಸ್-01 ಉಪಗ್ರಹದಲ್ಲಿ.

ಸೆಂಟಿಮೀಟರ್ ಲೆಕ್ಕ ಬೇಕಾದವರು ಮಾತ್ರ ಈಗಲೂ ಹೊರಗಿನ ರಿಸೀವರನ್ನೇ ಹಿಡಿಯುತ್ತಾರೆ. ಸರ್ವೇಯರುಗಳು ಕೋಲಿನ ತುದಿಗೆ ಸಿಕ್ಕಿಸಿಕೊಂಡು ನಿಲ್ಲುವ ರೋವರ್ ಅದೇ. ಸ್ಥಿರವಾದ ಕೇಂದ್ರವೊಂದು ಸಿಗ್ನಲ್ ಎಷ್ಟು ತಪ್ಪುತ್ತಿದೆ ಅನ್ನುವ ಲೆಕ್ಕ ಕಳಿಸುತ್ತಿರುತ್ತದೆ, ರೋವರ್ ಅದನ್ನು ಕಳೆದು ಜಾಗ ಹೇಳುತ್ತದೆ.

ಸಾಮಾನ್ಯ ಆಂಡ್ರಾಯ್ಡ್ ಫೋನಿಗೂ ಇಂಥದ್ದನ್ನು ಜೋಡಿಸಬಹುದು. ಆದರೆ ಸಾಮಾನ್ಯವಾಗಿ ಡೆವಲಪರ್ ಆಯ್ಕೆಗೆ ಹೋಗಿ 'ಮಾಕ್ ಲೊಕೇಶನ್' (ಹುಸಿ ಜಾಗ) ಒಪ್ಪಬೇಕಾಗುತ್ತದೆ. ಅಂದರೆ, ಫೋನಿನ ಕಣ್ಣಿಗೆ ಹೊರಗಿನ ಒಳ್ಳೆಯ ರಿಸೀವರೇ ಸುಳ್ಳುಗಾರ! ಮಾಕ್ ಲೊಕೇಶನ್ ಕಂಡರೆ ಕೆಲವು ಹಾಜರಾತಿ ಆ್ಯಪ್‌ಗಳು ಕೆಲಸವನ್ನೇ ನಿಲ್ಲಿಸುತ್ತವೆ. ನನಗಂತೂ ಇದು ಸೋಮಾರಿ ವ್ಯವಸ್ಥೆ ಅನ್ನಿಸುತ್ತದೆ.

ಇನ್ನು ಕೆಲವರು ಕರ್ನಾಟಕ ಸರ್ಕಾರದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಹೊಲದ ಗಡಿ ನೋಡಲೆಂದೇ ಹೊರಗಿನ ರಿಸೀವರ್ ಕೊಳ್ಳುವ ಯೋಚನೆ ಮಾಡುತ್ತಾರೆ. ಸುಮ್ನೆ ದುಡ್ಡು ದಂಡ. ನೀಲಿ ಚುಕ್ಕಿ ಸರಿಯಾದ ಜಾಗಕ್ಕೆ ಬರಬಹುದು, ಆದರೆ ಅಲ್ಲಿನ ಗೆರೆಗಳು ಹಳೆಯ ಗ್ರಾಮ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸಿದ್ದು. ಗೆರೆಯೇ ನಾಲ್ಕು ಮೀಟರ್ ಸರಿದಿದ್ದರೆ ರಿಸೀವರ್ ಏನು ಮಾಡೀತು? ಬದುವಿನ ತಕರಾರಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡಲು, ಅರ್ಜಿ ಹಾಕುವುದೇ ದಾರಿ.